ಓದುಗರ ಪ್ರಶ್ನೆ: ಆಟಕ್ಕೆ ಫೋನೋ, ಟ್ಯಾಬೋ, ಡೆಸ್ಕ್‌ಟಾಪೋ?

ಪ್ರಶ್ನೆ: ಮಗ ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಸೇರಿದ್ದಾನೆ. ಈಗ ಫೋನಿನಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಶೂಟಿಂಗ್ ಆಟ) ಆಡುತ್ತಾನೆ. ಇನ್ನೂ ಒಳ್ಳೆಯ ಫೋನ್ ಕೊಡಿಸುವುದೋ, ಅದೇ ದುಡ್ಡಿಗೆ ಕಂಪ್ಯೂಟರ್ ಜೋಡಿಸುವುದೋ? — ಓದುಗರು, ದಾವಣಗೆರೆ

ಉತ್ತರ: ಅಂಗಡಿಗೆ ಹೋಗುವ ಮೊದಲು ಮಗನನ್ನು ಒಂದು ಮಾತು ಕೇಳಿ: ಮುಂದಿನ ಎರಡು ವರ್ಷ ಯಾವ ಆಟ ಆಡುತ್ತೀಯ? ಬಿಜಿಎಂಐ ಇರುವುದು ಫೋನ್, ಟ್ಯಾಬ್‌ಗಳಿಗೆ. ಎಮ್ಯುಲೇಟರ್ (ಫೋನಿನ ಆಟವನ್ನು ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶ) ಹಾಕಿಕೊಂಡು ಕಂಪ್ಯೂಟರಿನಲ್ಲೂ ಆಡಬಹುದು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಆಟದ ನಿಯಮ ಅದನ್ನು ಒಪ್ಪುವುದಿಲ್ಲ. ಸಿಕ್ಕಿಬಿದ್ದರೆ ಐಡಿ ಬ್ಯಾನ್ ಆಗಿ ಇಷ್ಟು ದಿನ ಗಳಿಸಿದ್ದೆಲ್ಲ ಹೋಗುತ್ತದೆ. ಇತ್ತ ಕೌಂಟರ್-ಸ್ಟ್ರೈಕ್ 2 ಫೋನಿಗೆ ಇಲ್ಲವೇ ಇಲ್ಲ. ಮೈನ್‌ಕ್ರಾಫ್ಟ್ ಎರಡೂ ಕಡೆ ಇದೆ, ಆದರೆ ಜಾವಾ ಆವೃತ್ತಿ ಕಂಪ್ಯೂಟರಿಗೆ ಮಾತ್ರ. ಫೋನಿನಲ್ಲಿ ಆಡುವ ಗೆಳೆಯರ ಜೊತೆ ಸೇರಬೇಕಾದರೆ ಕಂಪ್ಯೂಟರಿನಲ್ಲೂ ಬೆಡ್‌ರಾಕ್ ಆವೃತ್ತಿಯನ್ನೇ ತೆರೆಯಬೇಕು.

ಎಂಜಿನಿಯರಿಂಗ್ ಹುಡುಗನಿಗೆ ನಮ್ಮ ಸಲಹೆ ಡೆಸ್ಕ್‌ಟಾಪ್. ಬಿಜಿಎಂಐಗೆ ಈಗಿನ ಫೋನೇ ಇರಲಿ. ಗ್ರಾಫಿಕ್ಸ್ ಕಾರ್ಡ್‌ಗೆ ಸದ್ಯ ದುಡ್ಡು ಸಾಲದಿದ್ದರೆ ರೈಜನ್ 5 5600ಜಿ ಥರದ, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ತೆಗೆದುಕೊಳ್ಳಿ. ಅದಕ್ಕೆ ಎಎಂ4 ಸಾಕೆಟ್ಟಿನ ಬೋರ್ಡ್, ಡಿಡಿಆರ್4 ರ್‍ಯಾಮ್, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಸಾಕು. ವ್ಯಾಲೊರಂಟ್ ಆಟವನ್ನು 1080ಪಿ ಪರದೆಯಲ್ಲಿ, ಕಡಿಮೆ ಗ್ರಾಫಿಕ್ಸ್ ಇಟ್ಟು ಆಡಲು ಇಷ್ಟು ಧಾರಾಳ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ತೆರೆಯಲೇ ಇಲ್ಲವೆಂದರೆ ಬಯಾಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್ಸ್) ಹೋಗಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಸುರಕ್ಷತಾ ಆಯ್ಕೆಗಳೆರಡನ್ನೂ ಆನ್ ಮಾಡಿ.

ರ್‍ಯಾಮ್ ವಿಷಯದಲ್ಲಿ ಅಂಗಡಿಯವರ ಮಾತಿಗೆ ಒಪ್ಪಬೇಡಿ. 16 ಜಿಬಿಯ ಒಂದೇ ಸ್ಟಿಕ್ ಬೇಡ, 8 ಜಿಬಿಯ ಎರಡು ಬೇಕು. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ರ್‍ಯಾಮಿನದನ್ನೇ ಬಳಸುತ್ತದೆ. ಒಂದೇ ಸ್ಟಿಕ್ ಇದ್ದರೆ ದತ್ತಾಂಶ ಹರಿಯುವ ದಾರಿ ಅರ್ಧವಾಗುತ್ತದೆ, ಫ್ರೇಮ್ ದರ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಗಮನಕ್ಕೆ ಬರುವಷ್ಟು ಬೀಳುತ್ತದೆ. ಉಳಿತಾಯ ಮಾಡುವುದಿದ್ದರೆ ಬಣ್ಣದ ದೀಪದ ಕ್ಯಾಬಿನೆಟ್ಟಿನಲ್ಲಿ ಮಾಡಿ, ಎಸ್‌ಎಂಪಿಎಸ್‌ನಲ್ಲಿ (ಎಲ್ಲ ಭಾಗಗಳಿಗೆ ಕರೆಂಟು ಕೊಡುವ ಪೆಟ್ಟಿಗೆ) ಬೇಡ. 550 ವ್ಯಾಟ್, ‘80 ಪ್ಲಸ್ ಬ್ರಾಂಜ್’ ದಕ್ಷತೆಯ ಗುರುತು ಇರಲಿ. ಮುಂದೆ ಮಧ್ಯಮ ಮಟ್ಟದ ಕಾರ್ಡ್ ಹಾಕಿದರೂ ಅದೇ ಸಾಕಾಗುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ತರುವವರು ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ವಾರಂಟಿ ಕೇಳುವಾಗ ಅದೇ ಆಧಾರ.

ಕರೆಂಟಿನ ಲೆಕ್ಕವೂ ಇರಲಿ. ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪ್, ಮಾನಿಟರ್ ಸೇರಿ 300 ವ್ಯಾಟ್ ಎಳೆಯುತ್ತದೆ ಎಂದುಕೊಂಡರೆ ದಿನಕ್ಕೆ 3 ಗಂಟೆಯಂತೆ ತಿಂಗಳಿಗೆ 27 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾದ್ದರಿಂದ, 180ರ ಆಸುಪಾಸಿನಲ್ಲಿರುವ ಮನೆಗೆ ಇದು ಸಣ್ಣ ವಿಷಯವಲ್ಲ.

ಪ್ರಶ್ನೆ: ಹೊಸ ಫೋನ್. ಆಟ ಶುರುವಾದಾಗ ಬೆಣ್ಣೆಯಂತೆ ಓಡುತ್ತದೆ, 20 ನಿಮಿಷದ ನಂತರ ಎಳೆದೆಳೆದು ನಡೆಯುತ್ತದೆ. ಫೋನ್ ಕೆಟ್ಟಿದೆಯೇ? — ಓದುಗರು, ಕಲಬುರಗಿ

ಉತ್ತರ: ಕೆಟ್ಟಿಲ್ಲ, ಬಿಸಿಯಾಗಿದೆ. ಫ್ಯಾನಿಲ್ಲದ ಫೋನು ಕೈಯಲ್ಲಿ ಹಿಡಿಯುವಷ್ಟು ಬಿಸಿಯಲ್ಲೇ ಉಳಿದು ಸತತವಾಗಿ ಹೊರಹಾಕಬಲ್ಲ ಶಾಖ ಸುಮಾರು 4ರಿಂದ 5 ವ್ಯಾಟ್. ಅದಕ್ಕಿಂತ ಹೆಚ್ಚು ಹುಟ್ಟಿದರೆ ಫೋನಿನ ಪ್ರೊಸೆಸರ್ ಚಿಪ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಪರದೆಯ ಬೆಳಕೂ ತಾನಾಗಿ ಮಂಕಾಗುತ್ತದೆ. ಆರ್‌ಟಿಎಕ್ಸ್ 4060ರಂಥ ಡೆಸ್ಕ್‌ಟಾಪ್ ಕಾರ್ಡ್ ಒಂದೇ 115 ವ್ಯಾಟ್ ಬಳಸುತ್ತದೆ, ಆದರೂ ಹೀಟ್‌ಸಿಂಕ್ ಮತ್ತು ಫ್ಯಾನ್ ಇರುವುದರಿಂದ ಮೂರನೇ ಗಂಟೆಯಲ್ಲೂ ಮೊದಲಿನ ವೇಗವೇ ಇರುತ್ತದೆ. ಫೋನಿಗೂ ಡೆಸ್ಕ್‌ಟಾಪಿಗೂ ನಿಜವಾದ ಅಂತರ ಇಲ್ಲಿದೆ, ಜಾಹೀರಾತಿನ ಗಿಗಾಹರ್ಟ್ಸ್‌ನಲ್ಲಿ ಅಲ್ಲ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಸುತ್ತಲಿನ ಗಾಳಿಯೇ 40 ಡಿಗ್ರಿ ದಾಟಿದಾಗ ಆ 4 ವ್ಯಾಟ್ ಕೂಡ ಸಲೀಸಾಗಿ ಹೊರಗೆ ಹೋಗುವುದಿಲ್ಲ.

ಹಾಗಾಗಿ ಹುಟ್ಟುವ ಶಾಖವನ್ನೇ ಕಡಿಮೆ ಮಾಡಬೇಕು. ಬಿಜಿಎಂಐಯಲ್ಲಿ ಗ್ರಾಫಿಕ್ಸ್ ‘ಸ್ಮೂತ್’ಗೆ, ಫ್ರೇಮ್ ರೇಟ್ 60ರ ‘ಎಕ್ಸ್‌ಟ್ರೀಮ್’ಗೆ ಇಡಿ. 90ರಲ್ಲಿ ಶುರುವಾಗಿ 45ಕ್ಕೆ ಬೀಳುವ ಆಟಕ್ಕಿಂತ 60ರಲ್ಲೇ ನಿಲ್ಲುವ ಆಟದಲ್ಲಿ ಗುರಿ ಚೆನ್ನಾಗಿ ಕೂರುತ್ತದೆ, ಏಕೆಂದರೆ ಬೆರಳಿನ ಅಭ್ಯಾಸಕ್ಕೆ ಒಂದೇ ಲಯ ಬೇಕು. ಹಿಂಬದಿಯ ಕವರ್ ತೆಗೆಯಿರಿ. ಪರದೆಯ ಬೆಳಕು ಅರ್ಧಕ್ಕಿರಲಿ. ಸಿಗ್ನಲ್ ಬಡವಾಗಿರುವ ಕಡೆ 5ಜಿ ಬದಲು ವೈ-ಫೈ ಬಳಸಿ. ಚಾರ್ಜಿಗೆ ಹಾಕಿಕೊಂಡು ಆಡುವುದನ್ನು ಮೊದಲು ಬಿಡಿ: ಬ್ಯಾಟರಿ ತುಂಬುವ ಬಿಸಿ, ಚಿಪ್‌ನ ಬಿಸಿ ಎರಡೂ ಸೇರಿ ಬ್ಯಾಟರಿಯ ಆಯುಸ್ಸನ್ನೇ ತಿನ್ನುತ್ತವೆ. ಕೆಲವು ಫೋನುಗಳಲ್ಲಿ ಚಾರ್ಜರಿನ ಕರೆಂಟು ಬ್ಯಾಟರಿಗೆ ಹೋಗದೆ ನೇರ ಫೋನಿಗೆ ಹೋಗುವ ‘ಬೈಪಾಸ್ ಚಾರ್ಜಿಂಗ್’ ಇದೆ. ಇದ್ದರೆ ಧೈರ್ಯವಾಗಿ ಬಳಸಿ. ಟೇಬಲ್ ಫ್ಯಾನಿನ ಎದುರು ಕೂರುವುದೂ ಕೆಲಸ ಮಾಡುತ್ತದೆ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡುವುದು ಮಾತ್ರ ಬೇಡ, ಒಳಗೆ ನೀರಿನ ಹನಿ ಕಟ್ಟಿ ಬೋರ್ಡೇ ಹೋಗಬಹುದು.

ಮುಂದಿನ ಸಲ ಫೋನ್ ಕೊಳ್ಳುವಾಗ ವಿಮರ್ಶೆಗಳಲ್ಲಿ 3ಡಿಮಾರ್ಕ್ ‘ವೈಲ್ಡ್ ಲೈಫ್ ಸ್ಟ್ರೆಸ್ ಟೆಸ್ಟ್’ ಅಂಕಿ ನೋಡಿ. ಅದು ಒಂದು ನಿಮಿಷದ ಪರೀಕ್ಷೆಯನ್ನು 20 ಸಲ ಓಡಿಸಿ ಅತಿ ವೇಗದ ಸುತ್ತಿಗೆ ಹೋಲಿಸಿದರೆ ಅತಿ ನಿಧಾನದ ಸುತ್ತಿನಲ್ಲಿ ಎಷ್ಟು ವೇಗ ಉಳಿಯಿತೆಂದು ಶೇಕಡಾವಾರು ಹೇಳುತ್ತದೆ. ಗಂಟೆಗಟ್ಟಲೆ ಆಡುವವರಿಗೆ ಆ ನಿಧಾನದ ಸುತ್ತಿನ ಅಂಕವೇ ಮುಖ್ಯ.

ಪ್ರಶ್ನೆ: ಟ್ಯಾಬ್‌ನಲ್ಲಿ ಆಡಿದರೆ ಫೋನಿಗಿಂತ ಲಾಭವಿದೆಯೇ? — ಓದುಗರು, ಶಿರಸಿ

ಉತ್ತರ: ನೋಟಕ್ಕೆ ಲಾಭ, ಕೈಗೆ ಕಷ್ಟ. ಪರದೆ ದೊಡ್ಡದಾದ್ದರಿಂದ ಬೆರಳು ಮರೆಮಾಡುವ ಭಾಗ ಕಡಿಮೆ, ದೂರದ ಎದುರಾಳಿ ಬೇಗ ಕಾಣುತ್ತಾನೆ. ಆದರೆ ತೂಕ ಅರ್ಧ ಕಿಲೋ. ಜೈರೊ (ಸಾಧನ ತಿರುಗಿದ್ದನ್ನು ಗುರುತಿಸುವ ಜೈರೊಸ್ಕೋಪ್ ಸೆನ್ಸರ್) ಹಾಕಿಕೊಂಡು ಅದನ್ನು ವಾಲಿಸುತ್ತಾ ಗುರಿಯಿಡುವವರ ಮಣಿಕಟ್ಟು ಅರ್ಧ ಗಂಟೆಗೇ ಸೋಲುತ್ತದೆ. ಅಗ್ಗದ ಎಷ್ಟೋ ಟ್ಯಾಬ್‌ಗಳಲ್ಲಿ ಜೈರೊಸ್ಕೋಪ್ ಇರುವುದೇ ಇಲ್ಲ, ಬರೀ ಆಕ್ಸಿಲರೊಮೀಟರ್ ಇರುತ್ತದೆ. ಕೊಳ್ಳುವ ಮೊದಲು ಸೆನ್ಸರ್ ಪಟ್ಟಿ ಓದಿ. ಚದುರಂಗ, ತಂತ್ರದ ಆಟ, ಕಾರ್ಡಿನ ಆಟಗಳಿಗಾದರೆ ಟ್ಯಾಬ್‌ನಷ್ಟು ಹಿತವಾದದ್ದು ಬೇರೊಂದಿಲ್ಲ.

ಪ್ರಶ್ನೆ: 144 ಹರ್ಟ್ಸ್ ಮಾನಿಟರ್ ತಂದೆ. ಫೋನಿನ 120 ಹರ್ಟ್ಸ್ ಪರದೆಯೇ ಇದಕ್ಕಿಂತ ನಯವಾಗಿ ಕಾಣುತ್ತದೆ. — ಓದುಗರು, ಮಂಗಳೂರು

ಉತ್ತರ: ನಿಮ್ಮ ಮಾನಿಟರ್ ಬಹುಶಃ 60ರಲ್ಲೇ ಓಡುತ್ತಿದೆ. 60 ಹರ್ಟ್ಸ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9 ಮಾತ್ರ, ಕಣ್ಣು ಈ ವ್ಯತ್ಯಾಸವನ್ನು ಹಿಡಿಯುತ್ತದೆ. ವಿಂಡೋಸ್ ತಾನಾಗಿ ಹೆಚ್ಚಿನ ದರಕ್ಕೆ ಹೋಗದೆ ಇರಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ರಿಫ್ರೆಶ್ ರೇಟ್ ಬದಲಿಸಿ. ಪಟ್ಟಿಯಲ್ಲಿ 144 ಕಾಣದಿದ್ದರೆ ಮಾನಿಟರಿನ ಎಚ್‌ಡಿಎಂಐ 1.4 ಆಗಿರಬಹುದು, ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಕಾರ್ಡಿನ ಕಿಂಡಿಗೇ ಚುಚ್ಚಿದೆಯೇ ನೋಡಿ. ಮದರ್‌ಬೋರ್ಡಿನ ಕಿಂಡಿಗೆ ಚುಚ್ಚಿ, ಕಾರ್ಡನ್ನು ಸುಮ್ಮನೆ ಕೂರಿಸಿದವರು ಬಹಳ ಮಂದಿ. ಹಾಗೆಯೇ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯನ್ನು ಅದರ ಮೇಲೆ ಬರೆದಿರುವ ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಮಾಡಿ. ಇಲ್ಲವಾದರೆ 3200ರ ರ್‍ಯಾಮ್ 2133 ಅಥವಾ 2400ರಲ್ಲೇ ತೆವಳುತ್ತಿರಬಹುದು.

ಪ್ರಶ್ನೆ: ನೆಟ್ 100 ಎಂಬಿಪಿಎಸ್. ಆದರೂ ಸಂಜೆ ಪಿಂಗ್ 150 ದಾಟುತ್ತದೆ. — ಓದುಗರು, ತುಮಕೂರು

ಉತ್ತರ: ಆಟಕ್ಕೆ ಎಂಬಿಪಿಎಸ್ ಹೆಚ್ಚು ಬೇಡ, ತಡವಾಗದೆ ತಲುಪಬೇಕು ಅಷ್ಟೆ. ಪಿಂಗ್ ಎಂದರೆ ಸಂದೇಶ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡ್. ಕಮಾಂಡ್ ಪ್ರಾಂಪ್ಟ್‌ನಲ್ಲಿ ರೂಟರಿನ ವಿಳಾಸಕ್ಕೇ (ಸಾಮಾನ್ಯವಾಗಿ 192.168.1.1) ಪಿಂಗ್ ಮಾಡಿ. ಅಲ್ಲೇ 40, 80 ಎಂದು ಜಿಗಿದರೆ ತೊಂದರೆ ಮನೆಯ ವೈ-ಫೈಯದು: 2.4 ಬಿಟ್ಟು 5 ಗಿಗಾಹರ್ಟ್ಸ್‌ಗೆ ಬನ್ನಿ, ಡೆಸ್ಕ್‌ಟಾಪಿಗೆ ಕ್ಯಾಟ್ 6 ಲ್ಯಾನ್ ಕೇಬಲ್ ಎಳೆಯಿರಿ. ರೂಟರಿಗೆ 1-2 ಮಿಲಿಸೆಕೆಂಡ್ ಇದ್ದೂ ಆಟದಲ್ಲಿ 150 ಬಂದರೆ, ಮನೆಯ ಇನ್ನೊಂದು ಫೋನ್ ಆಗ ಫೋಟೊಗಳನ್ನು ಕ್ಲೌಡ್‌ಗೆ ಏರಿಸುತ್ತಿದೆಯೇ ನೋಡಿ. ಅಪ್‌ಲೋಡ್ ತುಂಬಿದರೆ ಆಟದ ಪುಟ್ಟ ಪ್ಯಾಕೆಟ್‌ಗಳು ರೂಟರಿನಲ್ಲಿ ಸರದಿ ಕಾಯುತ್ತವೆ. ರೂಟರಿನ ಕ್ಯೂಓಎಸ್‌ನಲ್ಲಿ (ಯಾವ ದತ್ತಾಂಶಕ್ಕೆ ಆದ್ಯತೆ ಎಂದು ನಿಗದಿ ಮಾಡುವ ಸೆಟ್ಟಿಂಗ್) ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗದ ಶೇ 85-90ಕ್ಕೆ ಇಟ್ಟರೆ ಸರಿಹೋಗುತ್ತದೆ.

ಪ್ರಶ್ನೆ: ಹಳೆಯ ಮನೆ. ಡೆಸ್ಕ್‌ಟಾಪಿನ ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತದೆ. — ಓದುಗರು, ಹಾಸನ

ಉತ್ತರ: ಸಾಕೆಟ್ಟಿನಲ್ಲಿ ಅರ್ಥಿಂಗ್ ಇದ್ದಂತಿಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸಣ್ಣ ಕರೆಂಟು ಕ್ಯಾಬಿನೆಟ್ಟಿಗೆ ಬರುವುದು ಸಹಜ, ಅರ್ಥ್ ತಂತಿ ಅದನ್ನು ನೆಲಕ್ಕೆ ಇಳಿಸಬೇಕು. ಎಲೆಕ್ಟ್ರಿಷಿಯನ್‌ರಿಂದ ಫೇಸ್ ಮತ್ತು ಅರ್ಥ್ ನಡುವೆ ಅಳೆಸಿ, 230 ವೋಲ್ಟ್ ಹತ್ತಿರ ತೋರಿಸಬೇಕು. ಸಾಕೆಟ್ಟಿನಲ್ಲೇ ನ್ಯೂಟ್ರಲ್‌ಗೆ ಅರ್ಥ್ ಜೋಡಿಸಿ ಕೊಡುತ್ತೇನೆ ಎಂದರೆ ಬೇಡವೆನ್ನಿ. ನ್ಯೂಟ್ರಲ್ ಕಡಿದ ದಿನ ಇಡೀ 230 ವೋಲ್ಟ್ ಕ್ಯಾಬಿನೆಟ್ಟಿಗೆ ಬರುತ್ತದೆ. ಸರಿಯಾದ ಅರ್ಥಿಂಗ್ ಹಾಕಿಸುವವರೆಗೆ ಆ ಕಂಪ್ಯೂಟರನ್ನು ಆನ್ ಮಾಡಬೇಡಿ.