ಎಲ್ಡೆಸ್ಟ್ ಅರ್ಥ ಆಗ್ತಿಲ್ಲ ಅಂತ ಕೇಳಿದ್ದಕ್ಕೆ

ನಿಮ್ಮ ಮಗಳು ಎರಗಾನ್ ಸಿನಿಮಾ ನೋಡಿ ಸೀದಾ ಕ್ರಿಸ್ಟೋಫರ್ ಪಾವೊಲಿನಿ ಬರೆದ ಆ ಕಾದಂಬರಿ ಸರಣಿಯ ಎರಡನೇ ಪುಸ್ತಕ ಎಲ್ಡೆಸ್ಟ್ ಹಿಡಿದಿದ್ದೇ ಎಡವಟ್ಟು ಆಗಿರೋದು ಅನ್ಸುತ್ತೆ. ಕತ್ರೀನಾ ಯಾರು, ಸತ್ತ ರಾಜಾಕ್‌ಗಳು (ದುಷ್ಟ ರಾಜನ ಕಡೆಯ ರಾಕ್ಷಸರು) ಹೆಂಗೆ ವಾಪಸ್ ಬಂದ್ವು ಅಂತ ಅವಳು ಕೇಳ್ತಿದಾಳೆ ಅಂದ್ರಲ್ಲ, ಅಲ್ಲೇ ಗೊತ್ತಾಯ್ತು. 2006ರ ಸಿನಿಮಾದಲ್ಲಿ ಕತ್ರೀನಾ (ಎರಗಾನ್‌ನ ಅಣ್ಣನ ಹಾಗಿರೋ ಸೋದರಸಂಬಂಧಿ ರೋರನ್‌ನ ಪ್ರೇಯಸಿ) ಪಾತ್ರಾನೇ ಇಲ್ಲ, ರಾಜಾಕ್‌ಗಳನ್ನೂ ಅಲ್ಲೇ ಮುಗಿಸಿಬಿಟ್ಟಿದಾರೆ, ಪುಸ್ತಕದಲ್ಲಿ ಅವು ಬದುಕೇ ಇರ್ತಾವೆ, ಎಲ್ಡೆಸ್ಟಲ್ಲಿ ರೋರನ್ ಕಥೆ ಓಡೋದೇ ಕತ್ರೀನಾ, ರಾಜಾಕ್‌ಗಳಿಂದ. ನಮ್ಮನೆ ಹುಡುಗನೂ ಇಲ್ಲೇ ಸಿಕ್ಕಾಕ್ಕೊಂಡಿದ್ದ ಮಾರಾಯ್ರೆ.

ಎಲ್ಡೆಸ್ಟ್ ಬದಿಗಿಟ್ಟು ಮೊದ್ಲು ಸರಣಿಯ ಮೊದಲನೇದು, ಎರಗಾನ್ ಪುಸ್ತಕಾನೇ ಓದ್ಲಿ. ಶಿರಸಿಯಲ್ಲಿ ಸಿಗೋ ತನಕ ತಡ್ಕೊಳಲ್ಲ ಅಂದ್ರೆ ಎಲ್ಡೆಸ್ಟ್ ಶುರುವಲ್ಲಿ ಹಿಂದಿನ ಕಥೆ ಸಾರಾಂಶ ಇದೆ, ಎರಡ್ಸಲ ಓದಿಸಿ ಮುಂದೆ ಹೋಗಿ, ಅಷ್ಟರಿಂದ್ಲೇ ಪೂರ್ತಿ ಸರಿಹೋಗುತ್ತೆ ಅಂತ ಗ್ಯಾರಂಟಿ ಕೊಡಲ್ಲ. ಅರ್ಥ ಆಗದ ಮಂತ್ರದ ಪದಗಳಿಗೆ ಕೊನೇ ಪುಟಗಳಲ್ಲಿ ಪಟ್ಟಿ ಇದೆ. ಆಮೇಲೆ ಬ್ರಿಸಿಂಗರ್ (2008), ಇನ್‌ಹೆರಿಟೆನ್ಸ್ (2011).

ಕಾರವಾರ ಕಡೆ ಸೆಕೆಂಡ್ ಹ್ಯಾಂಡ್ ಸೆಟ್ ತಗೊಳ್ಳೋದಾದ್ರೆ ಎಣಿಸಿ ತಗೊಳ್ಳಿ, ಮೊದ್ಲು ಮೂರೇ ಪುಸ್ತಕ ಅಂತ ಪ್ಲಾನ್ ಇತ್ತು, ಹಂಗಾಗಿ ಟ್ರಿಲಜಿ ಅಂತ ಮೂರನ್ನೇ ಕೊಟ್ಟು ಕಳಿಸ್ತಾರೆ, ಕಥೆ ಮುಗಿಯೋದು ನಾಲ್ಕನೇದ್ರಲ್ಲಿ.