ವ್ಯಾಪಾರ ಬಿದ್ದರೂ ಕಂತು ನಿಲ್ಲಲ್ಲ, ಇದು ಯಾವ ನ್ಯಾಯ?

ಪ್ರಶ್ನೆ: ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಬಟ್ಟೆ ಅಂಗಡಿ ಇದೆ. ತೊಗರಿ ಕೈಕೊಟ್ಟ ವರ್ಷ ಹಳ್ಳಿ ಮಂದಿ ಪೇಟೆಗೆ ಬರುವುದೇ ಕಡಿಮೆ. ದೀಪಾವಳಿಗೆ ತಂದ ಮಾಲಿನ ಗಂಟು ಇನ್ನೂ ಬಿಚ್ಚಿಲ್ಲ. ಆದರೆ ಐದನೇ ತಾರೀಖು ಬಂದರೆ ಬ್ಯಾಂಕ್ ಕಂತು ಕಟ್ ಆಗುತ್ತದೆ, ಮೂರು ತಿಂಗಳಿಗೊಮ್ಮೆ ಕಾಂಪೊಸಿಷನ್ ಜಿಎಸ್‌ಟಿ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ) ಕಟ್ಟಲೇಬೇಕು. ದೊಡ್ಡ ಕಂಪನಿಗಳ ಸಾಲ ಮಾತ್ರ ರೈಟ್ ಆಫ್ ಅಂತೆ. ಇದು ಯಾವ ನ್ಯಾಯ ಸರ್?
– ಹೆಸರು ಬೇಡ, ಕಲಬುರಗಿ

ಉತ್ತರ: ನಿಮ್ಮ ಸಿಟ್ಟು ಸುಮ್ನೆ ಬಂದದ್ದಲ್ಲ. ಆದರೆ ರೈಟ್ ಆಫ್ ಅಂದರೆ ಸಾಲ ಮನ್ನಾ ಅಲ್ಲ. ಬ್ಯಾಂಕ್ ತನ್ನ ಲೆಕ್ಕದಿಂದ ಅದನ್ನು ತೆಗೆಯುತ್ತದೆ, ವಸೂಲಿ ಹಕ್ಕು ಹಾಗೇ ಇರುತ್ತದೆ. ಅನ್ಯಾಯ ಇರುವುದು ಬೇರೆ ಕಡೆ. ದೊಡ್ಡ ಕಂಪನಿ ಮುಳುಗಿದರೆ 2016ರ ದಿವಾಳಿ ಕಾಯ್ದೆಯಡಿ ಸಾಲ ಕೊಟ್ಟವರೆಲ್ಲ ಕೂತು, ಇಷ್ಟು ಬಂದರೆ ಸಾಕು ಅಂತ ಉಳಿದದ್ದನ್ನು ಬಿಟ್ಟುಕೊಡುತ್ತಾರೆ. ನಿಮ್ಮ ಅಂಗಡಿಗೆ ಬರುವುದು ವಸೂಲಿ ಏಜೆಂಟ್, ಅಷ್ಟೇ ಅಲ್ವಾ?

ಕೊರೊನಾ ವರ್ಷ ನೆನಪಿಸಿಕೊಳ್ಳಿ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತು, ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಆ ಅವಧಿಗೆ ಬಡ್ಡಿ ಮೇಲೆ ಬಡ್ಡಿ ಹಾಕಬಾರದು ಅಂತ 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಆದರೆ ಬಡ್ಡಿಯನ್ನೇ ಬಿಡಿಸಲಿಲ್ಲ.

ತೆರಿಗೆ ವಿಷಯ ಇನ್ನೂ ಬೇಜಾರು. ಆದಾಯ ತೆರಿಗೆ ಲಾಭದ ಮೇಲೆ. ನಿಮ್ಮ ಕಾಂಪೊಸಿಷನ್ ಒಂದು ಪರ್ಸೆಂಟ್ ಇರುವುದು ಮಾರಾಟದ ಮೇಲೆ. ನೂರು ರೂಪಾಯಿಗೆ ತಂದ ಅಂಗಿಯನ್ನು ಎಂಬತ್ತಕ್ಕೆ ಮಾರಿದರೂ ಎಂಬತ್ತು ಪೈಸೆ ನಿಮ್ಮ ಜೇಬಿನಿಂದಲೇ ಹೋಗಬೇಕು, ಗಿರಾಕಿ ಹತ್ತಿರ ಇಸಕೊಳ್ಳುವ ಹಾಗಿಲ್ಲ. 2019ರಲ್ಲಿ ಆರ್ಥಿಕತೆ ಮಂದವಾದಾಗ ಕಂಪನಿಗಳ ಮೂಲ ತೆರಿಗೆ 30ರಿಂದ 22 ಪರ್ಸೆಂಟ್‌ಗೆ ಇಳಿಯಿತು (ಬೇರೆ ರಿಯಾಯಿತಿ ಬಿಡಬೇಕು ಅನ್ನೋ ಷರತ್ತಿನ ಮೇಲೆ). ನಿಮ್ಮ ಒಂದು ಪರ್ಸೆಂಟ್ ಅಲ್ಲೇ ಇದೆ! ರೆಗ್ಯುಲರ್ ಜಿಎಸ್‌ಟಿಗೆ ಹೋದರೆ ಖರೀದಿಗೆ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಿಂದ ಕಳೆದು ಉಳಿದದ್ದನ್ನು ಕಟ್ಟಬಹುದು. ಆದರೆ ರಿಟರ್ನ್ ತಾಪತ್ರಯ ಜಾಸ್ತಿ. ಲೆಕ್ಕ ಬರೆಯುವವರನ್ನು ಕೇಳಿ ತೀರ್ಮಾನಿಸಿ.

ಬ್ಯಾಂಕಿಗೆ ಈಗಲೇ ಹೋಗಿ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುತ್ತದೆ, ಆಮೇಲೆ ಮ್ಯಾನೇಜರ್ ಮನಸ್ಸು ಮಾಡಿದರೂ ಕಷ್ಟ. ಎರಡು ವರ್ಷದ ಮಾರಾಟದ ಲೆಕ್ಕ ಇಟ್ಟು, ತೊಗರಿ ಸುಗ್ಗಿ ಆದ ಮೇಲೆ ದೊಡ್ಡ ಕಂತು, ಉಳಿದ ತಿಂಗಳು ಸಣ್ಣದು ಮಾಡಿಕೊಡಿ ಅಂತ ಅರ್ಜಿ ಬರೆದು ಕೊಡಿ, ಇನ್ನೊಂದು ಪ್ರತಿ ಮೇಲೆ ಸೀಲ್ ಹಾಕಿಸಿಕೊಳ್ಳಿ. ಒಪ್ಪಲೇಬೇಕು ಅಂತೇನಿಲ್ಲ. ಆದರೆ ಕಂತು ತಪ್ಪಿದ್ದಕ್ಕೆ ಹಾಕುವ ದಂಡಕ್ಕೆ ಬಡ್ಡಿ ಸೇರಿಸುವ ಹಾಗಿಲ್ಲ, 2024ರಿಂದ ಆ ನಿಯಮ ಜಾರಿಯಲ್ಲಿದೆ. ಸೇರಿಸಿದ್ದರೆ ಬ್ಯಾಂಕಿಗೆ ದೂರು ಕೊಡಿ, 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಬರೆಯಿರಿ, ಖರ್ಚಿಲ್ಲ. ಕಂತು ಬದಲಾಯಿಸಿ ಕೊಟ್ಟರೆ, ಒಟ್ಟು ಬಡ್ಡಿ ಎಷ್ಟು ಹೆಚ್ಚಾಗುತ್ತದೆ ಅನ್ನುವುದನ್ನು ಸಹಿ ಹಾಕುವ ಮುಂಚೆ ಬರೆಸಿಕೊಳ್ಳಿ.