ಬೈಲಕುಪ್ಪೆಯ ನರ್ಸಿಂಗ್ ಪದವೀಧರೆಗೆ ಕೆಲಸ: ಒಂದು ಪ್ರತಿಕ್ರಿಯೆ

ನಮಸ್ಕಾರ. ಬೈಲಕುಪ್ಪೆಯ ಟಿಬೆಟನ್ ಶಿಬಿರದಲ್ಲಿ ಬೆಳೆದು ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ ನಿಮ್ಮ ಗೆಳತಿಗೆ ಮೈಸೂರಿನ ಆಸ್ಪತ್ರೆಗಳು ಕೆಲಸ ಕೊಡಲು ಹಿಂಜರಿಯುತ್ತಿವೆ, ಏನು ಮಾಡಬಹುದು ಎಂದು ಕೇಳಿದ್ದೀರಿ.

ಹಿಂಜರಿಕೆಗೆ ಬಹುಪಾಲು ಕಾರಣ ಟಿಬೆಟನ್ ನಿರಾಶ್ರಿತರಿಗೆ ಸರ್ಕಾರ ಕೊಡುವ ನೋಂದಣಿ ಪತ್ರ, ಅಂದರೆ ಆರ್.ಸಿ. ಅದನ್ನು ವಿದೇಶಿಯರ ಕಾನೂನಿನಡಿ ಕೊಡುವುದರಿಂದ, ಮೊದಲ ಬಾರಿ ನೋಡುವ ಅಧಿಕಾರಿ ಪುಟ ತಿರುವಿ, ‘ವೀಸಾ ಎಲ್ಲಿ?’ ಎಂದು ಕೇಳುವುದುಂಟು. ಕೇಂದ್ರ ಸರ್ಕಾರದ 2014ರ ಟಿಬೆಟನ್ ಪುನರ್ವಸತಿ ನೀತಿಯು, ಅರ್ಹತೆಯಿರುವ ನಿರಾಶ್ರಿತರು ನರ್ಸಿಂಗ್, ಬೋಧನೆಯಂಥ ವೃತ್ತಿಗಳನ್ನು ಕೈಗೊಳ್ಳಲು ರಾಜ್ಯಗಳು ಅನುಮತಿಸಬಹುದೆಂದು ಹೇಳುತ್ತದೆ. ಅದರ ಪ್ರತಿಯನ್ನು, ನವೀಕರಿಸಿದ ಆರ್.ಸಿ. ಮತ್ತು ನರ್ಸಿಂಗ್ ಕೌನ್ಸಿಲ್ ನೋಂದಣಿಯೊಂದಿಗೆ, ಅರ್ಜಿಗೇ ಲಗತ್ತಿಸಲಿ. ಸಂದರ್ಶನದಲ್ಲಿ ವಿವರಿಸುತ್ತ ಕೂರುವುದಕ್ಕಿಂತ ಅದು ಎಷ್ಟೋ ಮೇಲು. ಅವರ ತಂದೆ ಅಥವಾ ತಾಯಿ 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದ್ದರೆ, ಗೆಳತಿಗೂ ಭಾರತದ ಪೌರತ್ವಕ್ಕೆ ದಾರಿಯಿರಬಹುದು; ಆ ಬಗ್ಗೆ ವಕೀಲರನ್ನೂ ವಿಚಾರಿಸಿ.

ಸಿಕ್ಕ ಕೆಲಸ ಉಳಿಯುವುದು ಬಹುಮಟ್ಟಿಗೆ ಭಾಷೆಯಿಂದ. ಸಂತೆಯಲ್ಲಿ ಚೌಕಾಸಿ ಮಾಡುವ ಕನ್ನಡ ವಾರ್ಡಿಗೆ ಸಾಲದು. ಪಿರಿಯಾಪಟ್ಟಣದ ಕಡೆಯ ಅಜ್ಜಿಯೊಬ್ಬರು ‘ಎದೆ ಹಿಡ್ಕೊಂಡಂಗಾಯ್ತದೆ ಕಣವ್ವ’ ಎಂದಾಗ ಅದು ಬರಿಯ ಆಯಾಸವೋ, ಎದೆನೋವೋ ಎಂದು ತಕ್ಷಣ ವಿಚಾರಿಸಲು ಬರಬೇಕು. ನೀವು ಕನ್ನಡದವರು, ವಾರಕ್ಕೆರಡು ಸಂಜೆ ರೋಗಿಯಂತೆ ಎದುರು ಕುಳಿತು ಮಾತನಾಡಿಸಿದರೆ ಅದೇ ದೊಡ್ಡ ಉಪಕಾರ. ಟಿಬೆಟನ್ ಹೊಸ ವರ್ಷವಾದ ಲೋಸಾರ್ ಹಬ್ಬದ ರಜೆಯನ್ನು ಸೇರುವಾಗಲೇ ಕೇಳಿಟ್ಟುಕೊಳ್ಳಲು ಹೇಳಿ.